ಬಾಯಿಗೆ ಬಾರದ ಕಾಯಿಲೆಯ ಹೆಸರು

ಆಸ್ಪತ್ರೆಯ ಬಾಗಿಲ ಮೇಲೆ ‘ಓಟೋರೈನೋಲ್ಯಾರಿಂಗಾಲಜಿ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಓದಲು ಹೊರಟವರು ಅರ್ಧಕ್ಕೇ ಕೈಬಿಡುತ್ತಾರೆ. ‘ಕಿವಿ, ಮೂಗು, ಗಂಟಲು’ ಎಂದರೆ ಯಾರಿಗೂ ತೊಡಕಿಲ್ಲ. ಆದರೆ ಎರಡೂ ಹೇಳುವುದು ಒಂದನ್ನೇ. ಗ್ರೀಕ್ ಮೂಲದ ‘ಓಟೋ’ ಕಿವಿ, ‘ರೈನೋ’ ಮೂಗು, ‘ಲ್ಯಾರಿಂಗೋ’ ಗಂಟಲಿನ ಧ್ವನಿಪೆಟ್ಟಿಗೆ, ‘ಲಜಿ’ ಶಾಸ್ತ್ರ. ಮೂಗಿನ ಮೇಲೆ ಕೊಂಬು ಹೊತ್ತ ಘೇಂಡಾಮೃಗದ ಇಂಗ್ಲಿಷ್ ಹೆಸರಿನಲ್ಲಿರುವುದೂ ಇದೇ ‘ರೈನೋ’.

ವೈದ್ಯಕೀಯದ ಉದ್ದ ಪದಗಳು ಬಹುಮಟ್ಟಿಗೆ ಗ್ರೀಕ್, ಲ್ಯಾಟಿನ್ ಸಮಾಸಗಳು. ತುಂಡುಗಳನ್ನು ಬೆಸೆಯಲು ಸಾಮಾನ್ಯವಾಗಿ ನಡುವೆ ‘ಓ’ ಬರುತ್ತದೆ. ಕೊನೆಯ ಪ್ರತ್ಯಯ ಸ್ವರದಿಂದ ಆರಂಭವಾದರೆ ಆ ‘ಓ’ ಬಿದ್ದುಹೋಗುತ್ತದೆ. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವ ಲೋಪಸಂಧಿಯ ಹಾಗೆಯೇ ‘ಗ್ಯಾಸ್ಟ್ರೋ’, ‘ಐಟಿಸ್’ ಸೇರಿ ‘ಗ್ಯಾಸ್ಟ್ರೈಟಿಸ್’ ಆಗುತ್ತದೆ.

ಇಂಥ ಪದವನ್ನು ಬಾಲದಿಂದ ಬಿಡಿಸುವುದು ಸುಲಭ. ‘ಐಟಿಸ್’ ಎಂದರೆ ಉರಿಯೂತ; ಗ್ಯಾಸ್ಟ್ರೈಟಿಸ್ ಜಠರದ ಉರಿಯೂತ. ‘ಎಕ್ಟಮಿ’ ಎಂದರೆ ಕತ್ತರಿಸಿ ತೆಗೆಯುವುದು. ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರವನ್ನು ಭಾಗಶಃ ಅಥವಾ ಪೂರ್ತಿ ತೆಗೆಯುತ್ತಾರೆ. ‘ಆಸ್ಟಮಿ’ ಎಂದರೆ ದ್ವಾರ ಮಾಡುವುದು. ಗ್ಯಾಸ್ಟ್ರಾಸ್ಟಮಿಯಲ್ಲಿ ಆಹಾರದ ಕೊಳವೆಗಾಗಿ ಹೊಟ್ಟೆಯ ಮೇಲಿಂದ ಜಠರಕ್ಕೆ ರಂಧ್ರ ಮಾಡುತ್ತಾರೆ. ಒಂದೆರಡು ಅಕ್ಷರ ಬದಲಾದರೆ ಶಸ್ತ್ರಚಿಕಿತ್ಸೆಯೇ ಬದಲು.

ಆದರೆ ಅರ್ಥಕ್ಕೆ ಒಡೆಯುವ ಜಾಗವೂ ನಾಲಗೆ ಒತ್ತುವ ಜಾಗವೂ ಒಂದೇ ಅಲ್ಲ. ಕನ್ನಡದಲ್ಲಿ ಅಕ್ಷರಗಳನ್ನು ಹೆಚ್ಚುಕಡಿಮೆ ಸಮನಾಗಿ ನುಡಿಯುವುದು ರೂಢಿ. ಇಂಗ್ಲಿಷಿನಲ್ಲಿ ಒಂದು ಕಡೆ ದನಿ ಏರಲೇಬೇಕು. ‘ಲಜಿ’, ‘ಎಕ್ಟಮಿ’, ‘ಆಸ್ಟಮಿ’ಗಳಲ್ಲಿ ಮುಗಿಯುವ ಪದಗಳಲ್ಲಿ ಆ ಒತ್ತು ಕೊನೆಯಿಂದ ಮೂರನೆಯ ಉಚ್ಚಾರಾಂಶದ ಮೇಲೆ ಬೀಳುತ್ತದೆ. ಆದ್ದರಿಂದ ಅರ್ಥಕ್ಕೆ ‘ಗ್ಯಾಸ್ಟ್ರೋ–ಎಂಟರೋ–ಲಜಿ’ ಎಂದು ಬಿಡಿಸಿದರೂ, ನುಡಿಯುವಾಗ ಒತ್ತು ಬೀಳುವುದು ‘ರಾಲಜಿ’ಯ ‘ರಾ’ ಮೇಲೆ. ನ್ಯುಮೋನಿಯಾದ ಮೊದಲ ‘ಪಿ’ ಗ್ರೀಕರ ಬಾಯಲ್ಲಿತ್ತು. ಇಂಗ್ಲಿಷಿನಲ್ಲಿ ಅದು ಬರಹಕ್ಕಷ್ಟೇ ಉಳಿಯಿತು.

ಪದದ ಬಾಲದಷ್ಟೇ ತಲೆಯೂ ಮುಖ್ಯ. ‘ಹೈಪೋ’ ಎಂದರೆ ಕಡಿಮೆ, ‘ಹೈಪರ್’ ಎಂದರೆ ಹೆಚ್ಚು. ವೇಗದ ಮಾತಿನಲ್ಲಿ ‘ರ್’ ತೇಲಿಹೋದರೆ ಎರಡೂ ಒಂದೇ ಎಂಬಂತೆ ಕೇಳುತ್ತವೆ. ಹೈಪೋಗ್ಲೈಸೀಮಿಯಾದಲ್ಲಿ ರಕ್ತದ ಸಕ್ಕರೆ ಇಳಿದಿರುತ್ತದೆ. ಎಚ್ಚರವಿರುವ ರೋಗಿಗೆ ಕೂಡಲೇ ಸಿಹಿ ಕೊಡಬೇಕು. ಹೈಪರ್‌ಗ್ಲೈಸೀಮಿಯಾದಲ್ಲಿ ಸಕ್ಕರೆ ಏರಿರುತ್ತದೆ. ಸಿಹಿ ಕೊಟ್ಟರೆ ಇನ್ನಷ್ಟು ಕೆಡುತ್ತದೆ. ಸಕ್ಕರೆ ಇಳಿದವರಿಗೆ ಏರಿದೆಯೆಂದು ತಿಳಿದು ಇನ್ಸುಲಿನ್ ಚುಚ್ಚಿದರಂತೂ ಪ್ರಾಣಕ್ಕೇ ಅಪಾಯ.

ಆದ್ದರಿಂದ ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು, ‘ಸಕ್ಕರೆ ಇಳಿದಿದೆಯೋ, ಏರಿದೆಯೋ’ ಎಂದು ಕನ್ನಡದಲ್ಲೇ ಕೇಳಿಬಿಡುವುದು ಕ್ಷೇಮ. ಉಚ್ಚಾರ ತಪ್ಪಿದರೆ ನಾಚಿಕೆಯೇನಿಲ್ಲ, ಅರ್ಥ ತಪ್ಪಬಾರದು.