ಧನುಷ್ಕೋಡಿಗೆ ಕೊನೆಯ ರೈಲು

ರೈಲ್ವೆ ಪರೀಕ್ಷೆಗೆ ಓದುವಾಗ ‘ಪಾಂಬನ್ ಸೇತುವೆ: 1914’ ಎಂದು ಬಾಯಿಪಾಠ ಮಾಡಿದ್ದೆ. ಆ ಹಳಿ ಎಲ್ಲಿಯವರೆಗೆ ಹೋಗುತ್ತಿತ್ತು ಎಂದು ಯೋಚಿಸಿರಲೇ ಇಲ್ಲ. ಕಳೆದ ರಜೆಯಲ್ಲಿ ಅಜ್ಜಿಯನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋದಾಗ ಧನುಷ್ಕೋಡಿಯ ಮರಳಿನಲ್ಲಿ ಉತ್ತರ ಸಿಕ್ಕಿತು. ಚಾವಣಿಯಿಲ್ಲದ ಒಂದಷ್ಟು ಗೋಡೆಗಳು. ಅದೇ ರೈಲು ನಿಲ್ದಾಣ!

ಒಂದು ಕಾಲಕ್ಕೆ ಮದ್ರಾಸಿನ ಬೋಟ್ ಮೇಲ್ ಇಲ್ಲಿಗೆ ಬರುತ್ತಿತ್ತು. ಪ್ರಯಾಣಿಕರು ಇಳಿದು ಸ್ಟೀಮರ್ ಹತ್ತಿ, ಸುಮಾರು 35 ಕಿ.ಮೀ. ಸಮುದ್ರ ದಾಟಿ ತಲೈಮನ್ನಾರ್ ಸೇರುತ್ತಿದ್ದರು. ಅಲ್ಲಿಂದ ಕೊಲಂಬೊಗೆ ಮತ್ತೆ ರೈಲು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಅಪ್ಪಳಿಸಿತು. ಪಾಂಬನ್‌ನಿಂದ ಹೊರಟಿದ್ದ 653ನೇ ಸಂಖ್ಯೆಯ ಪ್ಯಾಸೆಂಜರ್ ರೈಲು ಧನುಷ್ಕೋಡಿ ಇನ್ನೇನು ಬಂತು ಎನ್ನುವಾಗ ಅಲೆಗಳ ಪಾಲಾಯಿತು. ಒಳಗಿದ್ದ ನೂರಕ್ಕೂ ಹೆಚ್ಚು ಮಂದಿ ಸತ್ತರು. ಊರೂ ಉಳಿಯಲಿಲ್ಲ. ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಘೋಷಿಸಿತು. ನಿಲ್ದಾಣದ ಆಯಸ್ಸು ಬರೀ 50 ವರ್ಷ.

ಹಾನಿಗೊಂಡ ಪಾಂಬನ್ ಸೇತುವೆಯನ್ನು ಇ. ಶ್ರೀಧರನ್ ನೇತೃತ್ವದ ತಂಡ 46 ದಿನಗಳಲ್ಲಿ ದುರಸ್ತಿ ಮಾಡಿತು. ಇದೂ ನನ್ನ ಜಿ.ಕೆ. ನೋಟ್ಸ್‌ನಲ್ಲಿತ್ತು. ಆದರೆ ರೈಲು ರಾಮೇಶ್ವರದಲ್ಲೇ ನಿಂತುಬಿಟ್ಟಿತು ಎನ್ನುವುದು ಇರಲಿಲ್ಲ.

ಅಜ್ಜಿ ಗೋಡೆ ಮುಟ್ಟಿ ನೋಡಿ, ‘ಆವತ್ತು ರಾತ್ರಿ ತಮ್ಮೋರು ಬರ್ತಾರೆ ಅಂತ ಇಲ್ಲಿ ಯಾರ್ಯಾರು ಕಾಯ್ತಾ ಕೂತಿದ್ರೋ ಏನೋ’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಊರಿಗೆ ಬಂದವಳೇ ನೋಟ್ಸ್ ತೆರೆದು 1914ರ ಪಕ್ಕದಲ್ಲಿ 1964 ಎಂದು ಬರೆದುಕೊಂಡೆ. ಪರೀಕ್ಷೆಯಲ್ಲಿ ಕೇಳುತ್ತಾರೋ ಇಲ್ಲವೋ, ಈ ಇಸವಿಯನ್ನು ಮಾತ್ರ ಬಾಯಿಪಾಠ ಮಾಡಬೇಕಾಗಿಲ್ಲ.