ನೇತ್ರಾಣಿಯಲ್ಲಿ ಮುಳುಗಿ ನಂಜನಗೂಡಿನಲ್ಲಿ ಏಳುವವರಿಗೆ

ನಂಜನಗೂಡಿನ ಓದುಗರೊಬ್ಬರು ಬರೆದಿದ್ದಾರೆ: "ನಾವು ಗೆಳೆಯರೆಲ್ಲ ಸೇರಿ ಸ್ಕೂಬಾ ಡೈವಿಂಗ್‌ಗೆಂದು ನೇತ್ರಾಣಿಗೆ ಹೊರಟಿದ್ದೇವೆ. ಗುಂಪಿನಲ್ಲಿರುವ ತಿ. ನರಸೀಪುರದವರು ಚಿಕ್ಕಂದಿನಿಂದ ಸಂಗಮದಲ್ಲಿ ಈಜಿದವರು, ಮುಳುಗು ಹಾಕಿದರೆ ಎಲ್ಲೋ ಏಳುವವರು. ನಮ್ಮೂರಿನ ಇಬ್ಬರಿಗೆ ಈಜೇ ಬರುವುದಿಲ್ಲ. ಇವರಿಗೆ ಅಪಾಯ ಹೆಚ್ಚಲ್ಲವೇ? ಇನ್ನೊಂದು ಪ್ರಶ್ನೆ. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಅನ್ನುತ್ತಾರೆ. ನಾವು ಹತ್ತುವುದು ಘಟ್ಟ. ಅದೇ ದಿನ ಮಡಿಕೇರಿ ಮೇಲೆ ಊರಿಗೆ ಬಂದರೆ ತೊಂದರೆಯೇ?"

ಘಟ್ಟದ ಪ್ರಶ್ನೆ ಓದಿ ನನಗೆ ತುಂಬ ಖುಷಿಯಾಯಿತು. ಮೈಸೂರು ಸೀಮೆಯಿಂದ ಕಡಲಿಗೆ ಹೋಗಿಬರುವ ಎಷ್ಟೋ ಮಂದಿ ಕೇಳಬೇಕಾದ, ಆದರೆ ಯಾರೂ ಕೇಳದ ಪ್ರಶ್ನೆ ಇದು. ಎರಡೂ ಪ್ರಶ್ನೆಗೆ ಉತ್ತರದ ಬೇರು ಒಂದೇ: ಸ್ಕೂಬಾದಲ್ಲಿ ದೇಹಕ್ಕೆ ಇಳಿಯುವುದಕ್ಕಿಂತ ಏರುವುದು ಕಷ್ಟ. ಆ ಏರು ಬೋಟಿನ ಏಣಿಗೇ ಮುಗಿಯುವುದಿಲ್ಲ; ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ನಂಜನಗೂಡು ಮುಟ್ಟುವ ತನಕ ಇರುತ್ತದೆ.

ನೇತ್ರಾಣಿ ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ಸಣ್ಣ ದ್ವೀಪ. ಪಾರಿವಾಳ ದ್ವೀಪವೆಂದೂ ಕರೆಯುತ್ತಾರೆ. ಕಡಿದಾದ ಬಂಡೆ, ಮೇಲೆ ಕಾಡು, ಬುಡದಲ್ಲಿ ಹವಳ ಮತ್ತು ಅದರ ಸುತ್ತ ಬಣ್ಣಬಣ್ಣದ ಮೀನು. ಮಳೆಗಾಲದಲ್ಲಿ ಯಾರೂ ಹೋಗುವಂತಿಲ್ಲ. 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ಕಂಡ ಮೇಲೆ ನಮ್ಮ ಕಡೆಯ ಹುಡುಗರಿಗೂ ಅದರ ಸೆಳೆತ ಹೆಚ್ಚಿತು. ಮೊದಲ ಸಲದವರನ್ನು ಸಾಮಾನ್ಯವಾಗಿ 12 ಮೀಟರಿಗಿಂತ ಕೆಳಗೆ ಕರೆದೊಯ್ಯುವುದಿಲ್ಲ, ಪಕ್ಕದಲ್ಲೇ ಟ್ರೈನರ್ ಇರುತ್ತಾರೆ.

ಈಗ ಮೊದಲನೆಯ ಪ್ರಶ್ನೆ. ತಿ. ನರಸೀಪುರದಲ್ಲಿ ಕಪಿಲೆ, ಕಾವೇರಿ ಕೂಡುವಲ್ಲಿ ಮುಳುಗು ಹಾಕುವ ಹುಡುಗ ದಡದ ಮೇಲೆ ಎದೆತುಂಬ ಉಸಿರೆಳೆದುಕೊಂಡು ಹಾರುತ್ತಾನೆ. ಅವನ ಎದೆಯಲ್ಲಿ 6 ಲೀಟರ್ ಗಾಳಿ ಇದೆಯೆನ್ನಿ. ಪ್ರತಿ 10 ಮೀಟರ್ ನೀರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಇಳಿದರೆ ಒತ್ತಡ ಇಮ್ಮಡಿ, ಎದೆಯ ಗಾಳಿ 3 ಲೀಟರಿಗೆ ಕುಗ್ಗುತ್ತದೆ. ಮೇಲೆ ಬಂದಾಗ ಮತ್ತೆ 6 ಲೀಟರ್. ಒಯ್ದದ್ದನ್ನೇ ವಾಪಸ್ ತಂದ, ಲೆಕ್ಕ ಸರಿಹೋಯಿತು. ಆದ್ದರಿಂದ ಹೊಳೆಯ ಈಜುಗಾರನಿಗೆ ರೂಢಿಯಾಗಿರುವುದು ಎರಡೇ ಪಾಠ: ಉಸಿರು ಬಿಗಿಹಿಡಿ, ಗಾಬರಿಯಾದರೆ ಬುಡದಿಂದ ಒದ್ದು ಸರ್ರನೆ ಮೇಲೆ ಬಾ.

ಸ್ಕೂಬಾದಲ್ಲಿ ಈ ಎರಡೂ ಪಾಠ ಪ್ರಾಣಕ್ಕೆ ಎರವಾಗಬಹುದು. 1943ರಲ್ಲಿ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ರೆಗ್ಯುಲೇಟರಿನ ಚಮತ್ಕಾರವೆಂದರೆ, ಮುಳುಗಿದವನು ಎಷ್ಟು ಆಳದಲ್ಲಿದ್ದಾನೋ ಅಷ್ಟೇ ಒತ್ತಡದ ಗಾಳಿಯನ್ನು ಅದು ಬಾಯಿಗೆ ಕೊಡುತ್ತದೆ. 10 ಮೀಟರ್ ಆಳದಲ್ಲಿ ಎದೆತುಂಬ ಎಳೆದುಕೊಂಡ 6 ಲೀಟರ್ ಗಾಳಿ ಮೇಲೆ ಬಂದಾಗ 12 ಲೀಟರ್ ಆಗಬೇಕು. ಉಸಿರು ಬಿಡುತ್ತ ಬಂದರೆ ಹೆಚ್ಚಿನದು ಗುಳ್ಳೆಯಾಗಿ ಹೊರಟುಹೋಗುತ್ತದೆ. ಬಿಗಿಹಿಡಿದು ಬಂದರೆ ಶ್ವಾಸಕೋಶ ಹರಿಯುತ್ತದೆ, ಗಾಳಿ ರಕ್ತಕ್ಕೆ ನುಗ್ಗಿ ಮಿದುಳಿಗೆ ಹೋಗುತ್ತದೆ. ಎದೆ ಪೂರ್ತಿ ತುಂಬಿದ್ದರೆ ಎರಡು ಮೀಟರಿಗಿಂತ ಕಡಿಮೆ ಆಳದಿಂದ ಎದ್ದರೂ ಈ ಅನಾಹುತ ಆಗಬಹುದು. ಆಳುದ್ದದ ನೀರೂ ಸಾಕು ಎಂದಾಯಿತು.

ಹಾಗಾಗಿ ಓದುಗರಿಗೆ ನನ್ನ ಉತ್ತರ ಸ್ವಲ್ಪ ತಿರುಗುಮುರುಗು. ಈಜು ಬಾರದ ಇಬ್ಬರು ಟ್ರೈನರ್ ಕೈಬಿಡದೆ, ಹೇಳಿದಂತೆ ಒಂದೇ ಸಮನೆ ಉಸಿರಾಡುತ್ತ ಇರುತ್ತಾರೆ. ಸಂಗಮದ ಗಟ್ಟಿ ಈಜುಗಾರನಿಗೆ ಮಾಸ್ಕಿನೊಳಗೆ ಒಂದಿಷ್ಟು ನೀರು ಸೇರಿದರೆ ಸಾಕು, ಕಾಲು ತಾನಾಗಿ ಒದೆಯುತ್ತದೆ, ಉಸಿರು ತಾನಾಗಿ ನಿಲ್ಲುತ್ತದೆ. ಎಂಟು ಹತ್ತು ವರ್ಷ ಹೊಳೆ ಕಲಿಸಿದ್ದನ್ನು ಅರ್ಧ ಗಂಟೆಯ ತರಬೇತಿಯಲ್ಲಿ ಮರೆಯಬೇಕಾದವನು ಅವನೇ. ಈಜು ಬಂದರೆ ಒಳ್ಳೆಯದೇ, ಸಂದೇಹವಿಲ್ಲ. ಆದರೆ ಅವನಿಗೆ ಎರಡು ಮಾತು ಹೆಚ್ಚು ಹೇಳಿ.

ಎರಡನೆಯ ಪ್ರಶ್ನೆಗೆ ಹೋಗುವ ಮುನ್ನ ಒಂದು ಮಾತು. ಬೆನ್ನಿನ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಎಂದು ಪತ್ರಿಕೆಗಳೂ ಬರೆಯುತ್ತವೆ. ಆದರೆ ಅದು ನಾವು ಉಸಿರಾಡುವ ಮಾಮೂಲಿ ಗಾಳಿ, ಒತ್ತಿ ತುಂಬಿದ್ದು. ಬರೀ ಆಕ್ಸಿಜನ್ ಸೇವಿಸುತ್ತ 6 ಮೀಟರಿಗಿಂತ ಕೆಳಗಿಳಿದರೆ ಫಿಟ್ಸ್ ಬರುವ ಅಪಾಯವಿದೆ. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ, ಮತ್ತು ಘಟ್ಟದ ಪ್ರಶ್ನೆಗೆ ಉತ್ತರ ಇರುವುದು ಅದರಲ್ಲೇ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೋಲಿ ಸೋಡಾ ಕುಡಿದವರಿಗೆ ಇದನ್ನು ವಿವರಿಸುವುದು ಸುಲಭ. ಬಾಟಲಿ ಮುಚ್ಚಿರುವಾಗ ಒಳಗೆ ಒಂದು ಗುಳ್ಳೆಯೂ ಕಾಣುವುದಿಲ್ಲ, ತಿಳಿನೀರಿನ ಹಾಗಿರುತ್ತದೆ. ಅನಿಲವೆಲ್ಲ ಒತ್ತಡಕ್ಕೆ ನೀರಲ್ಲಿ ಕರಗಿ ಕೂತಿದೆ, ಅದೇ ಒತ್ತಡ ಗೋಲಿಯನ್ನು ಕತ್ತಿಗೆ ಒತ್ತಿಹಿಡಿದಿದೆ. ಅಂಗಡಿಯವನು ಗೋಲಿಯನ್ನು ಒಮ್ಮೆಲೇ ಗುದ್ದಿದರೆ ಸೋಡಾ ನೊರೆಯೆದ್ದು ಅಂಗಿಯೆಲ್ಲ ಒದ್ದೆ. ಹೆಬ್ಬೆರಳಿಟ್ಟು ಅಷ್ಟಷ್ಟೇ ಒತ್ತಿ, ಸುಯ್ಯೆಂದು ಸ್ವಲ್ಪ ಬಿಟ್ಟು, ತಡೆದು, ಮತ್ತೆ ಬಿಟ್ಟರೆ ಒಂದು ಹನಿಯೂ ಚೆಲ್ಲುವುದಿಲ್ಲ. ಎರಡರಲ್ಲೂ ಹೊರಬಂದ ಅನಿಲ ಅಷ್ಟೇ, ವ್ಯತ್ಯಾಸ ವೇಗದ್ದು. ನೀರಿನಾಳದಲ್ಲಿ ಒತ್ತಡದ ಗಾಳಿ ಉಸಿರಾಡಿದವನ ರಕ್ತ, ಕೊಬ್ಬು, ಕೀಲುಗಳಲ್ಲಿ ಸಾರಜನಕ ಹೀಗೆಯೇ ಕರಗಿ ಕೂರುತ್ತದೆ. ನಿಧಾನ ಏರಿದರೆ ಶ್ವಾಸಕೋಶದ ಮೂಲಕ ಸದ್ದಿಲ್ಲದೆ ಹೊರಹೋಗುತ್ತದೆ. ಅವಸರಪಟ್ಟರೆ ಇದ್ದಲ್ಲೇ ಗುಳ್ಳೆಯೇಳುತ್ತದೆ. ಕೀಲಲ್ಲಿ ಎದ್ದರೆ ನೋವು, ಬೆನ್ನುಹುರಿಯಲ್ಲಿ ಎದ್ದರೆ ಲಕ್ವ.

ಇದನ್ನು ಕಂಡುಕೊಂಡ ಕಥೆ ನನಗೆ ಬಹಳ ಪ್ರಿಯ. 1670ರಲ್ಲಿ ರಾಬರ್ಟ್ ಬಾಯ್ಲ್ ವಿಷದ ಹಾವೊಂದನ್ನು ಪಾತ್ರೆಯಲ್ಲಿಟ್ಟು ಗಾಳಿಯನ್ನು ಹೊರಗೆಳೆದಾಗ ಅದರ ಕಣ್ಣಿನೊಳಗೆ ಒಂದು ಗುಳ್ಳೆ ಅತ್ತಿತ್ತ ಹರಿದಾಡುವುದನ್ನು ನೋಡಿದ್ದ. ಮುಂದೆ ಸುಮಾರು ಇನ್ನೂರು ವರ್ಷ ಅದು ಬರೀ ಸೋಜಿಗವಾಗಿಯೇ ಉಳಿಯಿತು. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಲ್ಲಿನ ಸೇತುವೆ ಕಟ್ಟಿದಾಗ ನೀರಿನಡಿ ಗಾಳಿ ತುಂಬಿದ ಕೋಣೆ ಇಳಿಸಿ ಅದರೊಳಗೆ ಆಳುಗಳು ಅಗೆಯುವ ತಂತ್ರ ಇನ್ನೂ ಹುಟ್ಟಿರಲಿಲ್ಲ. 1840ರ ದಶಕದಲ್ಲಿ ಫ್ರಾನ್ಸಿನಲ್ಲಿ ಅದು ಬಂತು, ಜೊತೆಗೆ ಕಾಯಿಲೆಯೂ ಬಂತು. ಕೆಲಸ ಮುಗಿಸಿ ಮೇಲೆ ಬಂದವರು ಮೊಣಕಾಲು, ಭುಜ ಹಿಡಿದುಕೊಂಡು ನರಳುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಹೀಗೇ ಹಾಸಿಗೆ ಹಿಡಿದ. ಹೆಂಡತಿ ಎಮಿಲಿ ಗಣಿತ, ಕಟ್ಟಡದ ಲೆಕ್ಕಾಚಾರ ಕಲಿತು, ಅವನ ಸೂಚನೆಗಳನ್ನು ಹೊತ್ತೊಯ್ದು ಕೆಲಸ ಮಾಡಿಸಿದಳು. 1883ರಲ್ಲಿ ಸೇತುವೆ ಮುಗಿಯಿತು. ಈ ನಡುವೆ 1878ರಲ್ಲಿ ಪಾಲ್ ಬೆರ್ಟ್ ಎಂಬ ಫ್ರೆಂಚ್ ವಿಜ್ಞಾನಿ ಆ ಗುಳ್ಳೆಗಳಲ್ಲಿರುವುದು ಸಾರಜನಕ ಎಂದು ತೋರಿಸಿದ, ನಿಧಾನವಾಗಿ ಒತ್ತಡ ಇಳಿಸಿ ಎಂದ.

ನಿಧಾನ ಅಂದರೆ ಎಷ್ಟು? ಅದಕ್ಕೆ ಉತ್ತರ ಕೊಟ್ಟದ್ದು ಮೇಕೆಗಳು. ಬ್ರಿಟಿಷ್ ನೌಕಾಪಡೆಯ ಕೋರಿಕೆಯ ಮೇರೆಗೆ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಉಕ್ಕಿನ ಕೋಣೆಯಲ್ಲಿ ಮೇಕೆಗಳನ್ನಿಟ್ಟು ಒತ್ತಡ ಏರಿಸಿ ಇಳಿಸಿದರು. ನೋವೆದ್ದ ಮೇಕೆ ಒಂದು ಮುಂಗಾಲನ್ನು ಮಡಚಿ ಎತ್ತಿ ಹಿಡಿಯುತ್ತದೆ, ನೆಲಕ್ಕೆ ಊರಲೊಲ್ಲದು. ಮಾತು ಬಾರದ ಪ್ರಾಣಿಯಿಂದ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೇ? ಹಾಲ್ಡೇನ್ ಕಂಡದ್ದು ಇದು: ಎರಡು ವಾತಾವರಣದ ಒತ್ತಡದಿಂದ ಒಂದಕ್ಕೆ ಥಟ್ಟನೆ ಇಳಿಸಿದರೂ ಮೇಕೆಗೆ ಏನೂ ಆಗುವುದಿಲ್ಲ, ಆರರಿಂದ ಮೂರಕ್ಕೂ ಇಳಿಸಬಹುದು. ಲೆಕ್ಕಕ್ಕೆ ಬರುವುದು ಒತ್ತಡ ಎಷ್ಟು ಇಳಿಯಿತು ಎಂಬುದಲ್ಲ, ಎಷ್ಟು ಪಟ್ಟು ಇಳಿಯಿತು ಎಂಬುದು. ಇದರ ಮೇಲೆ 1908ರಲ್ಲಿ ಹಂತಹಂತವಾಗಿ ಏರುವ ಕೋಷ್ಟಕ ಬಂತು. ಇಂದು ಡೈವರ್‌ಗಳ ಮಣಿಕಟ್ಟಿನ ಕಂಪ್ಯೂಟರಿನಲ್ಲಿ ಓಡುವ ಗಣಿತ ಅದೇ ವಂಶದ್ದು.

ಆ ಪ್ರಯೋಗಗಳ ಅಂಗವಾಗಿ 1906ರಲ್ಲಿ ಸ್ಕಾಟ್ಲೆಂಡಿನ ಕಡಲಿಗೆ ಹೋದಾಗ ಹಾಲ್ಡೇನ್‌ರ 13 ವರ್ಷದ ಮಗನೂ ಅಳತೆಗೆ ದೊಡ್ಡದಾದ ಉಡುಪು ತೊಟ್ಟು ನೀರಿಗಿಳಿದ. ಒಳಗೆ ನೀರು ಸೋರಿತು. ಆ ಹುಡುಗನೇ ಜೆ.ಬಿ.ಎಸ್. ಹಾಲ್ಡೇನ್. ಮುಂದೆ ತನ್ನ ಮೇಲೆ ತಾನೇ ಒತ್ತಡದ ಪ್ರಯೋಗ ಮಾಡಿಕೊಂಡು, ಆಕ್ಸಿಜನ್ ವಿಷವೇರಿ ಬಂದ ಫಿಟ್ಸ್‌ನಲ್ಲಿ ಬೆನ್ನುಮೂಳೆ ಜಖಂ ಮಾಡಿಕೊಂಡವರು. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ನಮ್ಮವರೇ ಆಗಿಹೋದ ಈ ಮಹನೀಯರ ಹೆಸರು ತಳಿವಿಜ್ಞಾನದ ಪಾಠದಲ್ಲಷ್ಟೇ ಬರುತ್ತದೆ. ಡೈವಿಂಗ್ ಕಲಿಸುವವರೂ ಅವರ ಕಥೆಯನ್ನು ಹೇಳಬೇಕು ಅನ್ನುವುದು ನನ್ನ ಆಸೆ.

ಇನ್ನು ಘಟ್ಟ. ಮೇಲೆ ಹೋದಂತೆ ಗಾಳಿಯ ಒತ್ತಡವೂ ಇಳಿಯುವುದರಿಂದ, ಮೈಯಲ್ಲಿ ಉಳಿದ ಸಾರಜನಕಕ್ಕೆ ಘಟ್ಟ ಹತ್ತುವುದೂ ನೀರಿನಿಂದ ಏರಿದಂತೆಯೇ. ಕಡಲದಡದ ಗಾಳಿಯ ಒತ್ತಡಕ್ಕೆ ಹೋಲಿಸಿದರೆ ನಂಜನಗೂಡು, ತಿ. ನರಸೀಪುರದ ಒತ್ತಡ ಸುಮಾರು ನೂರಕ್ಕೆ 7ರಷ್ಟು ಕಡಿಮೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 13ರಷ್ಟು ಕಡಿಮೆ. ವಿಮಾನದೊಳಗೆ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಒತ್ತಡ ಇಟ್ಟಿರುತ್ತಾರೆ, ಅಲ್ಲಿ ಕಾಲುಭಾಗದಷ್ಟು ಕಡಿಮೆಯಾಗಬಹುದು. ಹಾಗಾಗಿ ಒಂದೇ ಸಾಧಾರಣ ಡೈವ್ ಮಾಡಿದವರು ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದವರು 18 ಗಂಟೆ ಕಾಯಬೇಕೆಂಬ ಸಲಹೆ ಇದೆ. ಅಂಡಮಾನಿಗೆ ಹೋಗುವವರು ಕೊನೆಯ ದಿನ ಡೈವ್ ಇಟ್ಟುಕೊಳ್ಳಬಾರದು ಎನ್ನುವುದು ಇದಕ್ಕೇ. ಈ ಸಲಹೆ ಅನ್ವಯವಾಗುವುದು ಸುಮಾರು 600 ಮೀಟರ್ ಎತ್ತರದಿಂದ ಮೇಲೆ. ನಮ್ಮ ಎರಡು ಊರೂ ಆ ಗೆರೆಯ ಮೇಲೇ ಕೂತಿವೆ, ಮಡಿಕೇರಿಯಂತೂ ಗೆರೆ ದಾಟಿದೆ.

ಬೆಳಿಗ್ಗೆ ಒಂದೇ ಸಲ, 10–12 ಮೀಟರಿನೊಳಗೆ ಅರ್ಧ ಗಂಟೆ ಇದ್ದು ಬಂದವರಲ್ಲಿ ಸೇರುವ ಸಾರಜನಕ ಅಲ್ಪ. ಮಂಗಳೂರಿನವರೆಗೆ ಕರಾವಳಿಯ ರಸ್ತೆಯಲ್ಲೇ ಬರುವಷ್ಟರಲ್ಲಿ ಬಹುಪಾಲು ಹೋಗಿರುತ್ತದೆ. ಆದರೂ ನಾನಾಗಿದ್ದರೆ ಆ ರಾತ್ರಿ ಮುರುಡೇಶ್ವರದಲ್ಲೇ ಮಲಗಿ ಮರುದಿನ ಹೊರಡುತ್ತೇನೆ. ಎರಡು ಮೂರು ಸಲ ಇಳಿದಿದ್ದರೆ ಉಳಿಯಲೇಬೇಕು. ಒಂದು ರಾತ್ರಿಯ ರೂಮಿನ ಖರ್ಚಿಗೆ ಹಿಂದೆಮುಂದೆ ನೋಡುವ ವಿಷಯ ಇದಲ್ಲ.

ನನಗೆ ಬೇಸರ ತರುವುದು ಜಾಹೀರಾತುಗಳು. ಈಜು ಬೇಡ, ಭಯ ಬೇಡ, ವಿಡಿಯೋ ಉಚಿತ ಎನ್ನುತ್ತವೆ. ಘಟ್ಟದ ಸುದ್ದಿ ಎತ್ತುವುದಿಲ್ಲ. ಬೋಟ್ ಹತ್ತುವ ಮುಂಚೆ ಸಹಿಗೆ ಕೊಡುವ ಆರೋಗ್ಯದ ಫಾರಂ ಓದಿಯೇ ಸಹಿ ಮಾಡಿ. ಆಸ್ತಮಾ, ಹೃದಯದ ತೊಂದರೆ, ಕಿವಿಯ ತೊಂದರೆ ಮುಚ್ಚಿಡಬೇಡಿ. ನೆಗಡಿಯಿದ್ದರೆ ಇಳಿಯಲೇಬೇಡಿ, ಮೂಗು ಹಿಡಿದು ಊದಿದರೂ ಕಿವಿ ಬಿಡದಿದ್ದರೆ ತಮಟೆ ಹರಿಯುತ್ತದೆ. ಏರುವಾಗ ನಿಮಿಷಕ್ಕೆ 9 ಮೀಟರ್ ಮೀರಬಾರದು, 5 ಮೀಟರಿನಲ್ಲಿ 3 ನಿಮಿಷ ನಿಲ್ಲುವುದು ವಾಡಿಕೆ.

ಗುಳ್ಳೆಯ ಕಾಯಿಲೆ ಹೆಚ್ಚಾಗಿ ಮೊದಲ 24 ಗಂಟೆಯೊಳಗೆ ತೋರಿಕೊಳ್ಳುತ್ತದೆ. ಊರಿಗೆ ಬಂದ ಮೇಲೆ ಭುಜ, ಮೊಣಕೈ ಸೆಳೆದರೆ, ಮೈ ತುರಿಸಿ ಚರ್ಮ ಕೆಂಪಾದರೆ, ಕೈಕಾಲು ಜೋಮು ಹಿಡಿದರೆ ಬಸ್ಸಿನಲ್ಲಿ ಕೂತ ನೋವು ಅಂದುಕೊಂಡು ಮಾತ್ರೆ ನುಂಗಿ ಮಲಗಬೇಡಿ. ವೈದ್ಯರ ಮುಂದೆ ಮೊದಲ ಮಾತೇ "ನಿನ್ನೆ ಸಮುದ್ರದಲ್ಲಿ ಡೈವ್ ಮಾಡಿದ್ದೆ" ಎಂದಿರಲಿ. ಅದನ್ನು ಹೇಳದಿದ್ದರೆ ಕಡಲಿಂದ ಇಷ್ಟು ದೂರದ ಊರಿನ ವೈದ್ಯರಿಗೆ ಈ ಕಾಯಿಲೆ ಹೊಳೆಯುವುದು ಕಷ್ಟ. ಹೊಳೆದರೆ ಆಕ್ಸಿಜನ್ ಕೊಡಲು ಶುರುಮಾಡಿ, ಒತ್ತಡದ ಕೋಣೆಯ ಚಿಕಿತ್ಸೆ ಇರುವಲ್ಲಿಗೆ ಕಳಿಸುತ್ತಾರೆ.