ಐದು ಉಳಿ, ಒಂದು ಸಾಣೆಕಲ್ಲು: ಬಹ್ರೇನಿನಲ್ಲಿ ಮರ ಕಡೆಯಲು ಕಲಿತದ್ದು

ಕಳೆದ ಮಾರ್ಚ್ ತಿಂಗಳಲ್ಲಿ ನನ್ನ ಹಿರಿಯ ಸ್ನೇಹಿತರೊಬ್ಬರು 28 ವರ್ಷಗಳ ಬಹ್ರೇನ್ ವಾಸವನ್ನು ಮುಗಿಸಿ ಉಡುಪಿ ಸಮೀಪದ ತಮ್ಮ ಊರಿಗೆ ಮರಳಿದರು. ಕೊಲ್ಲಿ ನಾಡಿನಲ್ಲಿ ಮನೆಯೊಂದು ಖಾಲಿಯಾಗುವ ಪರಿ ಇಲ್ಲಿ ದುಡಿಯುವವರಿಗೆಲ್ಲ ಪರಿಚಿತ. ಫ್ರಿಜ್, ಮಂಚ, ಸೋಫಾ, ಕಾರು ಒಂದೊಂದಾಗಿ ಪರರ ಪಾಲಾಗುತ್ತವೆ. ಮಿಕ್ಕದ್ದು ಕಾರ್ಗೋ ಪೆಟ್ಟಿಗೆ ಸೇರುತ್ತದೆ. ಅವರ ಗುದೈಬಿಯಾ ಮನೆಯ ಹಿತ್ತಲಲ್ಲಿದ್ದ ಮರ ಕಡೆಯುವ ಲೇಥ್ ಯಂತ್ರವೂ ಹಾಗೆಯೇ ಬೇರೊಬ್ಬರ ಮನೆಗೆ ಹೋಯಿತು. ಆದರೆ ಕೊನೆಯ ಸಂಜೆ ಅವರು ಐದು ಉಳಿಗಳಿಗೆ ಎಣ್ಣೆ ಸವರಿ, ಹಳೆಯ ಪಂಚೆಯಲ್ಲಿ ಸುತ್ತಿ, ಸೂಟ್‌ಕೇಸಿನ ಬಟ್ಟೆಗಳ ನಡುವೆ ಇಟ್ಟರು. “ಯಂತ್ರ ಎಲ್ಲಾದರೂ ಸಿಗುತ್ತದೆ ಡಾಕ್ಟ್ರೇ, ಕೈಗೆ ಒಗ್ಗಿದ ಉಳಿ ಸಿಗುವುದಿಲ್ಲ” ಎಂದರು.

ನಾಲ್ಕು ವರ್ಷಗಳ ಹಿಂದೆ ನನ್ನನ್ನು ಲೇಥ್‌ನ ಮುಂದೆ ನಿಲ್ಲಿಸಿದವರು ಅವರೇ. ದಿನವಿಡೀ ರೋಗಿಗಳ ಎದೆಬಡಿತ ಆಲಿಸಿ ಮನೆಗೆ ಬಂದವನಿಗೆ, ಎರಡು ಕೈಗಳಿಂದ ಏನನ್ನಾದರೂ ಮಾಡಿ ಮುಗಿಸುವ ಸುಖ ಎಂಥದ್ದೆಂದು ಅಲ್ಲಿಯೇ ತಿಳಿಯಿತು. ಈಗ ದಾವಣಗೆರೆಯ ನನ್ನ ಸೋದರಳಿಯ ಉದ್ಯೋಗಕ್ಕಾಗಿ ಇಲ್ಲಿಗೆ ಹೊರಟಿದ್ದಾನೆ. “ಮಾಮಾ, ನಾನೂ ಕಲಿಯಬೇಕು, ಯಾವ ಉಳಿಗಳನ್ನು ಕೊಳ್ಳಲಿ?” ಎಂಬುದು ಅವನ ಪ್ರಶ್ನೆ. ಅವನಿಗೆ ಬರೆದ ಉತ್ತರವನ್ನೇ ತುಸು ವಿಸ್ತರಿಸಿ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಮ್ಮ ವೀಸಾ ಉದ್ಯೋಗಕ್ಕೆ ಅಂಟಿಕೊಂಡಿರುವ ನಾಡಿದು. ಇಲ್ಲಿ ಏನನ್ನು ಕೊಂಡರೂ ಮನಸ್ಸಿನ ಮೂಲೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಹೊರಡುವ ದಿನ ಇದು ನನ್ನೊಂದಿಗೆ ಬರುತ್ತದೆಯೇ?

ಎಂಟು ಉಳಿಗಳ ಪೆಟ್ಟಿಗೆ

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಸ್ನೇಹಿತರನ್ನು ಕೇಳದೆಯೇ ನಾನು ಅಂಗಡಿಯೊಂದರಲ್ಲಿ ಎಂಟು ಉಳಿಗಳ ಅಂದವಾದ ಮರದ ಪೆಟ್ಟಿಗೆಯನ್ನು ಕೊಂಡೆ. ಹಿಡಿಗಳು ಫಳಫಳ ಹೊಳೆಯುತ್ತಿದ್ದವು, ಬೆಲೆಯೂ ಕಡಿಮೆ. ಮನೆಗೆ ತಂದು ನೋಡಿದರೆ ಒಂದಕ್ಕೂ ಸರಿಯಾದ ಅಲಗಿಲ್ಲ. ಸಾಣೆ ಹಿಡಿಯಲು ಹೋದರೆ ತುದಿ ನೀಲಿಗಟ್ಟಿತು. ಅದು ಸಾಧಾರಣ ಕಾರ್ಬನ್ ಉಕ್ಕು. ಸಾಣೆಯ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಂಥ ಉಕ್ಕು ನೀಲಿಬಣ್ಣಕ್ಕೆ ತಿರುಗುತ್ತದೆ, ಜೊತೆಗೆ ತನ್ನ ಗಡಸುತನವನ್ನೂ ಕಳೆದುಕೊಳ್ಳುತ್ತದೆ. ಮೊಂಡು ಉಳಿಯನ್ನು ಒತ್ತಿ ಹಿಡಿದೆ. ಅದು ಮರಕ್ಕೆ ಕಚ್ಚಿ, ತಿರುಗುತ್ತಿದ್ದ ತುಂಡು ಕಿತ್ತು ಬಂದು ನನ್ನ ಭುಜದ ಪಕ್ಕದ ಗೋಡೆಗೆ ಬಡಿಯಿತು. ಅಂದು ಮುಖಕವಚ ಧರಿಸಿರಲಿಲ್ಲ. ಒಂದು ಗೇಣು ಈಚೆ ಬಂದಿದ್ದರೆ ಬಹುಶಃ ಈ ಲೇಖನವನ್ನು ಒಂದೇ ಕಣ್ಣಿನಿಂದ ಬರೆಯಬೇಕಾಗುತ್ತಿತ್ತು.

ಮುಂದಿನ ರಜೆಯಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದೆ. ಎಷ್ಟು ಸಲ ಆ ದಾರಿಯಲ್ಲಿ ಸಾಗಿದ್ದರೂ ಗೊಂಬೆಗಳನ್ನು ನೋಡಿದ್ದೆನೇ ಹೊರತು ಗೊಂಬೆ ಮಾಡುವ ಕೈಗಳನ್ನು ನೋಡಿರಲಿಲ್ಲ. ವೃದ್ಧ ಕುಶಲಕರ್ಮಿಯೊಬ್ಬರು ಹಾಲೆಮರದ ತುಂಡನ್ನು ಲೇಥ್‌ಗೆ ಸಿಕ್ಕಿಸಿ, ಕೆಲವೇ ನಿಮಿಷಗಳಲ್ಲಿ ಬುಗುರಿಯ ಆಕಾರಕ್ಕೆ ತಂದರು. ಬಳಿಕ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಘರ್ಷಣೆಯ ಬಿಸಿಗೆ ಅರಗು ಕರಗಿ ಮೈಗೆ ಹತ್ತಿತು. ತಾಳೆಗರಿಯಿಂದ ಉಜ್ಜಿದಾಗ ಹೊಳಪು ಬಂತು. ಅವರ ಪಕ್ಕದಲ್ಲಿದ್ದದ್ದು ಬೆರಳೆಣಿಕೆಯ ಉಳಿಗಳು, ಒಂದು ಸಾಣೆಕಲ್ಲು. ಅವರು ಉಳಿಗಿಂತ ಹೆಚ್ಚು ಬಾರಿ ಎತ್ತಿಕೊಂಡದ್ದು ಆ ಕಲ್ಲನ್ನೇ. ನನ್ನ ಎಂಟು ಉಳಿಗಳ ಪೆಟ್ಟಿಗೆ ನೆನಪಾಗಿ ನಾಚಿಕೆಯಾಯಿತು.

ಯಾವ ಐದು?

ಹೊಸಬರು ಕೊಳ್ಳಬೇಕಾದದ್ದು ಹೈಸ್ಪೀಡ್ ಸ್ಟೀಲ್‌ನ ಉಳಿಗಳನ್ನು. ಈ ಉಕ್ಕು ಸಾಣೆಯಲ್ಲಿ ನೀಲಿಗಟ್ಟಿದರೂ ಗಡಸುತನವನ್ನು ಕಳೆದುಕೊಳ್ಳದು; ಕಲಿಯುವವನ ತಪ್ಪುಗಳನ್ನು ಕ್ಷಮಿಸುವ ಗುಣ ಇದಕ್ಕಿದೆ. ಪೆಟ್ಟಿಗೆಯ ಮೋಹ ಬಿಟ್ಟು ಬಿಡಿಬಿಡಿಯಾಗಿ ಕೊಳ್ಳುವುದು ಲೇಸು.

ಮೊದಲನೆಯದು ರಫಿಂಗ್ ಗೌಜ್. ದೋಣಿಯಂತೆ ಒಳಗೆ ತೋಡಿದ, 20ರಿಂದ 25 ಮಿಲಿಮೀಟರ್ ಅಗಲದ ಈ ಉಳಿ ಚೌಕ ತುಂಡನ್ನು ದುಂಡಗೆ ಮಾಡುತ್ತದೆ. ಎರಡನೆಯದು 10 ಮಿಲಿಮೀಟರಿನ ಸ್ಪಿಂಡಲ್ ಗೌಜ್. ಮಣಿ, ಕಂಠ, ಕುಸುರಿಗೆಲ್ಲ ಇದೇ ಬೇಕು. ಮೂರನೆಯದು 3 ಮಿಲಿಮೀಟರಿನ ಪಾರ್ಟಿಂಗ್ ಉಳಿ. ಅಳತೆ ಗುರುತಿಸಲು, ಕೊನೆಗೆ ಕತ್ತರಿಸಿ ಬೇರ್ಪಡಿಸಲು. ಈ ಮೂರು ಇದ್ದರೆ ಲಟ್ಟಣಿಗೆ, ಬುಗುರಿ, ಉಳಿಯ ಹಿಡಿ ಎಲ್ಲವನ್ನೂ ಮಾಡಬಹುದು. ನಾಲ್ಕನೆಯದು ಓರೆ ಅಲಗಿನ ಸ್ಕ್ಯೂ. ನುರಿತವರ ಕೈಯಲ್ಲಿ ಇದು ಮರಳುಕಾಗದವೇ ಬೇಡವೆನ್ನಿಸುವಷ್ಟು ನುಣುಪು ಕೊಡುತ್ತದೆ. ಹೊಸಬರನ್ನು ಮಾತ್ರ ಸತಾಯಿಸುತ್ತದೆ. ಆರು ತಿಂಗಳು ಕಳೆದ ಮೇಲೆ ಕೊಂಡರೂ ನಷ್ಟವಿಲ್ಲ. ಐದನೆಯದು ಬೌಲ್ ಗೌಜ್, ಬಟ್ಟಲು ಕಡೆಯಬೇಕೆನ್ನುವವರಿಗೆ.

ಇಲ್ಲೊಂದು ಎಚ್ಚರಿಕೆಯ ಮಾತು. ರಫಿಂಗ್ ಗೌಜ್‌ನಿಂದ ಬಟ್ಟಲನ್ನು ಎಂದಿಗೂ ಕಡೆಯಬಾರದು. ಹಿಡಿಯೊಳಗೆ ಹೋಗುವ ಅದರ ಬುಡ ಕಿರಿದು. ಬಟ್ಟಲಿನಲ್ಲಿ ಮರದ ಎಳೆಗಳು ಅಡ್ಡಡ್ಡವಾಗಿ ಎದುರಾಗುತ್ತವೆ. ಉಳಿ ಕಚ್ಚಿಕೊಂಡರೆ ಬುಡದಲ್ಲೇ ಮುರಿಯಬಹುದು. ಬೌಲ್ ಗೌಜನ್ನು ದಪ್ಪ ದುಂಡುಸಲಾಕೆಯಿಂದ ಮಾಡುವುದು ಇದೇ ಕಾರಣಕ್ಕೆ. ತುದಿ ಬದಲಿಸಬಹುದಾದ ಕಾರ್ಬೈಡ್ ಉಳಿಗಳೂ ಈಗ ಸಿಗುತ್ತವೆ. ಅವುಗಳಿಗೆ ಸಾಣೆಯ ಗೋಜಿಲ್ಲ, ಕಲಿಕೆ ಸುಲಭ. ಆದರೆ ಅವು ಬಹುಮಟ್ಟಿಗೆ ಮರವನ್ನು ಹೆರೆಯುತ್ತವೆ. ಕೊಯ್ಯುವ ಕಲೆ ಬೇಕಾದವರು ಗೌಜ್‌ನಿಂದಲೇ ಆರಂಭಿಸುವುದು ಒಳಿತು.

ಆರನೆಯ ಉಳಿಗೆಂದು ತೆಗೆದಿಟ್ಟ ಹಣವನ್ನು ಸಾಣೆಯಂತ್ರಕ್ಕೆ ಹಾಕಿ. ನಿಮಿಷಕ್ಕೆ ಸುಮಾರು 1,450 ಸುತ್ತು ತಿರುಗುವ ನಿಧಾನಗತಿಯ ಯಂತ್ರ, ಅದಕ್ಕೆ ಬಿಳಿಯ ಅಲ್ಯುಮಿನಿಯಂ ಆಕ್ಸೈಡ್ ಕಲ್ಲು, ಕೋನವನ್ನು ಕಾಯ್ದುಕೊಡುವ ಒಂದು ಹಿಡಿಕೆ, ಇಷ್ಟು ಸಾಕು. ರಫಿಂಗ್ ಗೌಜ್‌ಗೆ 45 ಡಿಗ್ರಿ, ಬೌಲ್ ಗೌಜ್‌ಗೆ 55ರಿಂದ 60 ಡಿಗ್ರಿ ಎಂದು ನೆನಪಿಟ್ಟರೆ ಆರಂಭಕ್ಕೆ ಅಡ್ಡಿಯಿಲ್ಲ. ಬಹ್ರೇನಿನ ವಿದ್ಯುತ್ತೂ ನಮ್ಮೂರಿನಂತೆಯೇ 230 ವೋಲ್ಟ್, 50 ಹರ್ಟ್ಸ್. ಇಲ್ಲಿ ಕೊಂಡ ಸಾಣೆಯಂತ್ರ ಪ್ಲಗ್ ಬದಲಿಸಿದರೆ ಊರಿನಲ್ಲೂ ನಡೆಯುತ್ತದೆ. ಅಮೆರಿಕದಿಂದ ತರಿಸಿದ 110 ವೋಲ್ಟಿನ ಯಂತ್ರಕ್ಕೆ ಈ ಭಾಗ್ಯವಿಲ್ಲ.

ಮರವಿಲ್ಲದ ದ್ವೀಪದಲ್ಲಿ ಮರ

ಈ ದ್ವೀಪದಲ್ಲಿ ಹಿಂದಿನಿಂದಲೂ ನಾಟಾ ಮರಕ್ಕೆ ಕೊರತೆ. ಮುತ್ತು ತೆಗೆಯುವ ಕಾಲದ ಹಾಯಿಹಡಗುಗಳಿಗೆ ಸಾಗವಾನಿ ಬರುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯ ಮಲಬಾರಿನಿಂದ. ಕಣ್ಣ ಮುಂದಿರುವ ಖರ್ಜೂರದ ಮರ ಲೇಥ್‌ಗೆ ಒಗ್ಗದು; ತೆಂಗು ಅಡಿಕೆಗಳ ಬಳಗದ ಈ ಮರದ ಕಾಂಡ ನಾರಿನ ಕಂತೆಯಂತೆ ಬಿಚ್ಚಿಕೊಳ್ಳುತ್ತದೆ. ಬೇವು, ಸಿದ್ರ್ ಎಂದು ಕರೆಯುವ ಬೋರೆಜಾತಿಯ ಮರ ಇವುಗಳ ಕೊಂಬೆಗಳನ್ನು ತೋಟದ ಮಾಲಿಗಳು ಸವರಿದಾಗ ಕೇಳಿ ಪಡೆಯಬಹುದು. ಸಾಮಾನು ಹೊತ್ತು ತರುವ ಮರದ ಪ್ಯಾಲೆಟ್‌ಗಳೂ ಅಭ್ಯಾಸಕ್ಕೆ ಆದೀತು, ಮೊಳೆಗಳನ್ನೆಲ್ಲ ಕಿತ್ತ ಮೇಲೆ. ಅವುಗಳ ಮೇಲಿನ ಮುದ್ರೆಯನ್ನು ಓದಿ: ಎಚ್‌ಟಿ ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ್ದು, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅದನ್ನು ಮುಟ್ಟದಿರಿ.

ಇನ್ನು ವೈದ್ಯನಾಗಿ ಹೇಳಲೇಬೇಕಾದ ಮಾತು. 1960ರ ದಶಕದಲ್ಲಿ ಇಂಗ್ಲೆಂಡಿನ ಹೈ ವಿಕಂ ಪಟ್ಟಣದಲ್ಲಿ ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ಕಿವಿ, ಮೂಗು, ಗಂಟಲಿನ ತಜ್ಞೆ ಒಂದು ಸಂಗತಿಯನ್ನು ಗಮನಿಸಿದರು. ಮೂಗಿನ ಒಳಭಾಗದ ಅಪರೂಪದ ಕ್ಯಾನ್ಸರ್ ಹೊತ್ತು ಬರುತ್ತಿದ್ದವರಲ್ಲಿ ಪೀಠೋಪಕರಣ ತಯಾರಿಸುವ ಕೆಲಸಗಾರರೇ ಹೆಚ್ಚಾಗಿದ್ದರು. ಆ ಊರು ಕುರ್ಚಿ ತಯಾರಿಕೆಗೆ ಹೆಸರುವಾಸಿ. 1968ರಲ್ಲಿ ಅವರೂ ಸಹೋದ್ಯೋಗಿಗಳೂ ಈ ಕುರಿತ ಅಧ್ಯಯನವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1995ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನು ಮಾನವರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಇದು ದಶಕಗಳ ಕಾಲ ಧೂಳಿನಲ್ಲೇ ದುಡಿದವರ ಕಥೆ. ವಾರಕ್ಕೆರಡು ಗಂಟೆಯ ಹವ್ಯಾಸಿ ಹೆದರಬೇಕಿಲ್ಲ. ಆದರೂ ಧೂಳು ಅಸ್ತಮಾವನ್ನು ಕೆರಳಿಸಬಲ್ಲದು. ಸೆಕೆಯ ಕಾಲದಲ್ಲಿ ಇಲ್ಲಿ ನಾವು ಕಿಟಕಿ ಮುಚ್ಚಿ, ಏಸಿ ಹಾಕಿ ಕೆಲಸ ಮಾಡುತ್ತೇವೆ. ಧೂಳು ಹೊರಹೋಗಲು ದಾರಿಯೇ ಇರುವುದಿಲ್ಲ. ಆದ್ದರಿಂದ ಉಳಿ ಕೊಳ್ಳುವ ಮೊದಲು ಪೂರ್ತಿ ಮುಖ ಮುಚ್ಚುವ ಕವಚವನ್ನೂ ಎನ್95 ಮಾಸ್ಕನ್ನೂ ಕೊಳ್ಳಿ. ತಿರುಗುವ ಯಂತ್ರದ ಬಳಿ ಕೈಗವಸು, ಸಡಿಲ ತೋಳಿನ ಅಂಗಿ, ಉಂಗುರ ಬೇಡವೇ ಬೇಡ; ಕೈಗವಸು ಸಿಲುಕಿದರೆ ಬೆರಳೂ ಜೊತೆಗೆ ಹೋಗುತ್ತದೆ.

ಅಳಿಯನಿಗೆ ಬರೆದ ಪತ್ರವನ್ನು ಹೀಗೆ ಮುಗಿಸಿದ್ದೇನೆ: ಮೊದಲ ವರ್ಷ ಮೂರೇ ಉಳಿ ಕೊಳ್ಳು. ಲೇಥ್ ಕೊಳ್ಳಬೇಡ, ನನ್ನದನ್ನೇ ಬಳಸು. ಊರಿನಿಂದ ಉಳಿಗಳನ್ನು ತರುವುದಾದರೆ ಅಲಗಿಗೆ ರಟ್ಟು ಸುತ್ತಿ ಚೆಕ್‌ಇನ್ ಸಾಮಾನಿನಲ್ಲೇ ಇಡು, ಕೈಚೀಲದಲ್ಲಿ ಬಿಡುವುದಿಲ್ಲ. ಇಲ್ಲಿನ ಉಪ್ಪುಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ, ಪ್ರತಿ ಬಾರಿಯೂ ಎಣ್ಣೆ ಒರೆಸಿಡು.

ಉಡುಪಿಗೆ ಮರಳಿದ ಸ್ನೇಹಿತರು ಮೊನ್ನೆ ಚಿತ್ರವೊಂದನ್ನು ಕಳುಹಿಸಿದ್ದರು. ಬಡಗಿಯೊಬ್ಬರ ಹಳೆಯ ಲೇಥ್‌ನ ಮೇಲೆ, ಇಲ್ಲಿಂದ ಒಯ್ದ ಉಳಿಗಳಿಂದಲೇ ಹಲಸಿನ ಮರದ ಲಟ್ಟಣಿಗೆಯೊಂದನ್ನು ಕಡೆದಿದ್ದರು. ಮೊಮ್ಮಗಳು ಅದನ್ನು ಹಿಡಿದು ನಿಂತಿದ್ದಳು. ನನಗೀಗ 56. ನಾನು ಹೊರಡುವ ದಿನವೂ ದೂರವಿಲ್ಲ. ಮನೆಯ ಸಾಮಾನುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಬರುತ್ತದೆ ಎಂದು ಹೆಂಡತಿ ಆಗಾಗ ಲೆಕ್ಕ ಹಾಕುತ್ತಾಳೆ. ಐದು ಉಳಿಗಳ ಕಟ್ಟಿಗೆ ಎರಡು ಕಿಲೋ ಬಿಟ್ಟುಕೊಡು ಎಂದು ಅವಳಿಗೆ ಈಗಲೇ ಹೇಳಿಟ್ಟಿದ್ದೇನೆ.